ಬಲಗಣ್ಣಿನ ನೀಲಿ

ಬೆಟ್ಟ ಅನ್ನುತ್ತಾರೆ, ಬರೀ ದಿಣ್ಣೆ, ನಮ್ಮ ತಾರ್ತುವಿನದು.
ಅದರ ಬುಡದ ಬೀದಿಯಲ್ಲಿ ನಲವತ್ತಾರು ವರ್ಷ
ಹರಿದದ್ದು ಹೊಲಿಯುತ್ತ ಕೂತವಳು,
ಒಮ್ಮೆಯೂ ಹತ್ತಲಿಲ್ಲ.
ಮೇಲೆ ಗುಂಡನೆಯ ಗೋಪುರವಿತ್ತು, ಇರಲಿ;
ಕೆಳಗೆ ಜಿಪ್ಪು, ಗುಂಡಿ,
ಶುಕ್ರವಾರದೊಳಗೆ ಬೇಕೆನ್ನುವ ಗಿರಾಕಿ.
ನಕ್ಷತ್ರಕ್ಕೆ ಅವಸರವಿಲ್ಲವಂತೆ,
ಹಾಗಾದರೆ ಕಾಯಲಿ ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಬಲಗಣ್ಣಿನ ಪೊರೆ ತೆಗೆದರು.
ಎಡಗಣ್ಣಿನದು ಅಕ್ಟೋಬರಿಗೆ.
ನಡುವಿನ ಈ ದಿನಗಳಲ್ಲಿ
ಒಂದೇ ಮುಖದೊಳಗೆ ಎರಡು ಬಿಡಾರ:
ಎಡಕ್ಕೆ ಹಾಲಿಲ್ಲದ ಚಹಾದಲ್ಲಿ ಅದ್ದಿಟ್ಟ ಲೋಕ,
ಬಲಕ್ಕೆ ಈಗಷ್ಟೇ ಒಗೆದು ಹಿಂಡಿದ್ದು.
ಒಂದು ಮುಚ್ಚಿ ಒಂದು ತೆರೆದು
ಗೋಡೆ, ತಟ್ಟೆ, ಪಕ್ಕದ ಮನೆ ಬೆಕ್ಕು,
ಎಲ್ಲವನ್ನೂ ಪರೀಕ್ಷಿಸಿ ಮುಗಿದ ಒಂದು ಶನಿವಾರ
ಕೋಲೂರಿ ಮೇಲೆ ಹೊರಟೆ.

ವಿಶ್ವವಿದ್ಯಾಲಯದ ಹಳೇ ಕಟ್ಟಡ;
ಬಾಗಿಲು ನಾನೆಣಿಸಿದ್ದಕ್ಕಿಂತ ಚಿಕ್ಕದು.
ಟಿಕೆಟ್ಟು ಹರಿಯುತ್ತ ಹೆಂಗಸು ಕೇಳಿದಳು:
ಮೊದಲ ಸಲವೇ? ಎಲ್ಲಿಂದ ಬಂದಿರಿ?
ಕೆಳಗಿನಿಂದ, ಅಂದೆ.

ವಿವರಿಸುವ ಹುಡುಗನ ಹೆಸರು ಊಕು.
ಛಾವಣಿಯ ಸೀಳು ತೋರಿಸಿದ.
ಇದರ ಕೆಳಗೆ ಕೂತು, ದಾಟಿಹೋಗುವ ಒಂದೊಂದು ನಕ್ಷತ್ರದ ಹೊತ್ತನ್ನೂ
ಬರೆದಿಡುತ್ತಿದ್ದರಂತೆ, ಹೊಸ್ತಿಲಲ್ಲಿ ಕೂತ ಅತ್ತೆಯ ಹಾಗೆ.
ಸೀಳಿದ ಮಾಡು!
ನನಗೆ ಕೊಟ್ಟಿದ್ದರೆ ಜಿಪ್ಪು ಹಾಕುತ್ತಿದ್ದೆ.

ಗೋಪುರದಲ್ಲಿ ಮ್ಯೂನಿಕ್ಕಿನಿಂದ ಬಂದ ದೂರದರ್ಶಕ,
ಎರಡು ಕುದುರೆ ಉದ್ದ, ಮರದ ಮೈ, ಮುಟ್ಟಕೂಡದು.
ಆ ಕಾಲದಲ್ಲಿ ಇಂಥವುಗಳ ಕಣ್ಣೊಳಗೆ
ಅಳತೆಗೆಂದು ಜೇಡನ ಎಳೆ ಕಟ್ಟುತ್ತಿದ್ದರು, ಅಂದ ಊಕು,
ಅದಕ್ಕಿಂತ ಸಪೂರ ನೂಲು ಯಾರ ಬಳಿಯೂ ಇರಲಿಲ್ಲ.
ಎಲ್ಲರೂ ಮಸೂರದ ಕಡೆ ಕತ್ತೆತ್ತಿದರು.
ನನಗೆ ಆ ಎಳೆ ಕಟ್ಟಿದವರದ್ದೇ ಯೋಚನೆ:
ಉಸಿರು ಹಿಡಿದು, ತುಟಿ ಕಚ್ಚಿ,
ಹರಿದರೆ ಮತ್ತೆ ನೆಲಮಾಳಿಗೆಗೆ ಇಳಿದು
ಇನ್ನೊಂದು ಜೇಡನನ್ನು ಕೇಳಿಕೊಂಡು.
ಫಲಕಗಳನ್ನೆಲ್ಲ ಓದಿದೆ, ಬಲಗಣ್ಣಿನಲ್ಲಿ.
ಅವರ ಹೆಸರು ಎಲ್ಲೂ ಇರಲಿಲ್ಲ.

ಆಗ ಕಂಡಿತು ಊಕುವಿನ ಮೊಣಕೈ.
ಕಂದು ಕೋಟು. ಹೋದ ಚಳಿಗಾಲ ನಾನೇ ಹಾಕಿದ ತೇಪೆ.
ಮೂಲೆ ತಿರುಗುವಾಗ ಎರಡು ಸಲ ಕಟ್ಟಿದ ಗಂಟು,
ನನ್ನಮ್ಮ ಕಲಿಸಿದ್ದು, ಬೇರೆ ಯಾರೂ ಹಾಕುವುದಿಲ್ಲ.
ಎಡಗಣ್ಣಿಗೆ ಎಲ್ಲ ಸರಿಯಾಗಿತ್ತು: ಕಂದಿನ ಮೇಲೆ ಕಂದು.
ಬಲಗಣ್ಣು ತೆರೆದೆ:
ನೂಲು ನೀಲಿ.
ನಾಚಿಕೆಯಿಲ್ಲದಷ್ಟು ನೀಲಿ.
ಇಡೀ ಚಳಿಗಾಲ ಅದನ್ನೇ ತೊಟ್ಟು ತಿರುಗಿದ್ದಾನೆ,
ಒಂದು ಮಾತು ಆಡಿಲ್ಲ.
ಈ ಊರಲ್ಲಿ ಇನ್ನೆಷ್ಟು ತೋಳು, ಎಷ್ಟು ಲಂಗದಂಚು
ನನ್ನ ತಪ್ಪು ಬಣ್ಣ ಹೊತ್ತು
ಸುಮ್ಮನೆ ನಮಸ್ಕಾರ ಹೇಳಿ ಹೋಗಿವೆಯೋ.

ಹೊರಗೆ ಕತ್ತಲು. ಲಿಂಡನ್ ಮರಗಳಾಚೆ
ಹುಲ್ಲಿನ ಮೇಲೆ ಇಂದಿನ ಕಾಲದ ಪುಟ್ಟ ದೂರದರ್ಶಕ.
ಹಂಸದ ಕೊಕ್ಕಿನ ತುದಿ ನೋಡಿ, ಅಂದ,
ಬರಿಗಣ್ಣಿಗೆ ಅದು ಒಂದೇ ಚುಕ್ಕಿ.
ಬಗ್ಗಿದೆ. ಸೊಂಟ ಗೊಣಗಿತು.

ಎರಡಿದ್ದವು.
ಒಂದು ಜೇನು ಬಣ್ಣ, ಅದಕ್ಕಂಟಿಕೊಂಡೇ ಚಿಕ್ಕದೊಂದು,
ಆ ಮೊಣಕೈಯ ನೀಲಿ.

ಕಣ್ಣು ಬದಲಿಸಿದೆ.
ಎರಡಕ್ಕೂ ಒಂದೇ ಚಹಾ,
ಒಂದೇ ಥಾನಿನ ಬಟ್ಟೆ ತೊಟ್ಟ ಅಕ್ಕತಂಗಿಯರು.
ಯಾವುದು ದಿಟವೆಂದು ಕೇಳಲಿಲ್ಲ;
ಹಿಂದೆ ಸಾಲು ಬೆಳೆದಿತ್ತು, ಒಂದು ಮಗು ಬೇಕೆಂದೇ ಕೆಮ್ಮಿತು.
ಅಕ್ಟೋಬರ್ ಹನ್ನೊಂದರ ಮೇಲೆ
ಈ ಮಾಸಿದ ಆಕಾಶ ನನಗೂ ಸಿಗದು.
ಕೆಮ್ಮಲಿ ಎಂದು
ಇನ್ನೊಮ್ಮೆ ಎಡಗಣ್ಣನ್ನೇ ಒತ್ತಿದೆ.

ಕಂಡಿತೇ? ಕೇಳಿದ ಊಕು.
ಕಂಡಿತು. ಸೋಮವಾರ ಆ ಕೋಟು ತಂದುಕೊಡು.

ಅವನು ಇನ್ನೊಂದು ಅಂಗೈಯಿಂದ
ಮೊಣಕೈ ಮುಚ್ಚಿಕೊಂಡ.