ಟ್ರಿಪ್ ಶೀಟಿನ ಹಿಂಬದಿ

ಕ್ಲಾರಾ ಮೋಟಾರ್ಸಿನ ಆಫೀಸೆಂದರೆ
ಉಡುಪಿಯ ಬಸ್ ಸ್ಟ್ಯಾಂಡಿನ ಮೇಲಿನ ಕೋಣೆ,
ಒಂದು ಫ್ಯಾನು, ಒಂದು ಕಪಾಟು, ನಾನು.
ಬೆಳಿಗ್ಗೆ ಎಂಟಕ್ಕೆ ರಾತ್ರಿಯ ಚೀಲಗಳ ಬಿಚ್ಚಿ
ಚಿಲ್ಲರೆ ಎಣಿಸಿ, ಟ್ರಿಪ್ ಶೀಟಿಗೆ ಸಹಿ ಹಾಕಿ
ಕೊಕ್ಕೆಯ ತಂತಿಗೆ ಚುಚ್ಚುವುದು.
ಹತ್ತೊಂಬತ್ತು ವರ್ಷ ಚುಚ್ಚಿದ್ದೇನೆ.

ಮುಂಬದಿಯಲ್ಲಿ ಎಲ್ಲರದೂ ಒಂದೇ ರಾಗ:
ಟಿಕೇಟು ಇಷ್ಟು, ಡೀಸೆಲು ಇಷ್ಟು,
ಪಡುಬಿದ್ರಿಯ ಚಾ ಇಷ್ಟು.
ಹಿಂಬದಿ ಖಾಲಿ,
ಸಂಜೀವ ಸಪಳಿಗನದ್ದು ಬಿಟ್ಟರೆ.

ಅವನಿಗೊಂದು ಚಾಳಿ.
ಕಿವಿಯ ಮೇಲಿನ ಮೋಟು ಪೆನ್ಸಿಲು ತೆಗೆದು
ಓಡುವ ಬಸ್ಸಿನಲ್ಲಿ ನಡುಗುವ ಇರುವೆಸಾಲು:

‘ಕಟಪಾಡಿ. ಮಲ್ಲಿಗೆಯ ಮೂರು ಬುಟ್ಟಿ.
ಇಂಜಿನಿನ ಹತ್ತಿರ ಇಟ್ಟರೆ ಬಾಡುತ್ತದೆ,
ಹಿಂದಿನ ಸೀಟಿನಡಿ ಇಡಬೇಕು.’

‘ಉಚ್ಚಿಲ. ಮೀನಿನ ಬುಟ್ಟಿಗೆ ಮುಖ ಸಿಂಡರಿಸಿದರೆ
ಜಲಜಕ್ಕ ಮತ್ತೆ ನಮ್ಮ ಬಸ್ಸು ಹತ್ತುವುದಿಲ್ಲ.
ಅವಳ ಹಿಂದೆ ಒಂಬತ್ತು ಮಂದಿ.’

‘ಮುಕ್ಕ. ಗುರುವಾರ ಕಣ್ಣಿನ ಡಾಕ್ಟರು. ಎಲ್ಲ ಮುದುಕರು.
ಪೂರ್ತಿ ನಿಲ್ಲಿಸಬೇಕು, ಸೀಟಿ ಊದಬಾರದು.’

‘ಬೈಕಂಪಾಡಿ. ಸೈರನ್ನು ಎರಡು ಗಂಟೆಗೆ.
ಗೇಟಿನಿಂದ ರೋಡಿಗೆ ಆರು ನಿಮಿಷದ ನಡಿಗೆ.
ನಾವು ಎರಡೂ ನಾಲ್ಕಕ್ಕೆ ಹೋಗಿಬಿಡುತ್ತೇವೆ.
ಯಾರಿಗೆ ಹೇಳುವುದು?’

ಯಾರಿಗೂ ಹೇಳಲಿಲ್ಲ. ನಾನು ಓದಿ ನಕ್ಕು
ತಂತಿಗೆ ಚುಚ್ಚಿದೆ.

ಒಂದು ದಿನ ಚೆಕಿಂಗಿನವರು ಎಣಿಸಿದಾಗ
ಹನ್ನೆರಡು ರೂಪಾಯಿ ಕಮ್ಮಿ.
ಜಲಜಕ್ಕನ ಬುಟ್ಟಿಗೆ ಲಗೇಜು ಹರಿದಿರಲಿಲ್ಲ.
‘ರೂಲು ಅಂದರೆ ರೂಲು’ ಅಂದರು ಸಿರಿಲ್ ಸಾಹುಕಾರರು.
ಚೀಲ ಮೇಜಿನ ಮೇಲಿಟ್ಟು, ಪೆನ್ಸಿಲು ಕಿವಿಗಿಟ್ಟು
ಮೆಟ್ಟಿಲಿಳಿದ ಸಪಳಿಗ.

ಮರುತಿಂಗಳು ಹಳದಿ ಬಸ್ಸುಗಳು ರೋಡಿಗಿಳಿದವು, ಎಂಟು.
ತಂಪು ಗಾಳಿ, ಮೆತ್ತೆ ಸೀಟು,
ನಮಗಿಂತ ನಾಲ್ಕು ನಿಮಿಷ ಮುಂದೆ.
ಬಾಗಿಲಲ್ಲಿ ನಮ್ಮ ಸಪಳಿಗ,
ಎರಡು ಸಾವಿರ ಜಾಸ್ತಿ ಸಂಬಳಕ್ಕೆ.
ನಮ್ಮ ಚೀಲಗಳು ದಿನಾ ಹಗುರ, ಹಗುರ.

‘ಎಂತ ಮಾಡುವುದು ವಿಲಾಸಿನಿ?’ ಸಾಹುಕಾರರ ತಲೆ ಕೈಯಲ್ಲಿ.
‘ಎಸಿ ಹಾಕಿಸಲು ಹೋದರೆ
ಬ್ಯಾಂಕಿನವ ನನ್ನನ್ನೇ ಏಲಂ ಮಾಡಿಯಾನು.’

ಕಪಾಟಿನ ಮೇಲಿಂದ ಗೋಣಿ ಇಳಿಸಿದೆ.
ಮೂರು ಭಾನುವಾರ ನೆಲದಲ್ಲಿ ಕೂತು
ಒಂದೊಂದೇ ಶೀಟು ಮಗುಚಿದೆ, ದೋಸೆಯ ಹಾಗೆ.
ಎರಡು ವರ್ಷ ಇಲಿ ತಿಂದಿತ್ತು.
ಉಳಿದದ್ದನ್ನು ಬರೆದೆ ಗೆರೆ ಪುಸ್ತಕದಲ್ಲಿ,
ಸ್ಟಾಪು, ವಾರ, ನಿಮಿಷ.

ಸುರತ್ಕಲ್ಲಿನಲ್ಲಿ ಸುಮ್ಮನೆ ಗುರುಗುಟ್ಟುವ
ಮೂರು ನಿಮಿಷ ಕಿತ್ತು ಬೈಕಂಪಾಡಿಗೆ ಕೊಟ್ಟೆವು.
ಹದಿನಾಲ್ಕು ಮಂದಿ ಓಡದೆ ಹತ್ತಿದರು,
ಮರುದಿನ ಇಪ್ಪತ್ತೊಂದು.
ಗುರುವಾರ ಮುಕ್ಕದಲ್ಲಿ ಡ್ರೈವರು ಇಂಜಿನು ಬಂದ್ ಮಾಡಿ
ಕಪ್ಪು ಕನ್ನಡಕಗಳಿಗೆ ಕೈ ಕೊಟ್ಟು ಹತ್ತಿಸಿದ.
ಜಲಜಕ್ಕ ಬಂದಳು. ಹಿಂದೆಯೇ ಒಂಬತ್ತು ಮಂದಿ.

ಮಳೆಗಾಲ ಮುಗಿಯುವಾಗ ಚೀಲ ತುಂಬಿತ್ತು.
ಸಾಹುಕಾರರು ಮೇಜು ಕುಟ್ಟಿದರು:
‘ನಮ್ಮ ಕಂಪೆನಿಗೂ ತಲೆ ಉಂಟು ಮಾರಾಯ್ತಿ!’
ಗೆರೆ ಪುಸ್ತಕದ ಮೊದಲ ಪುಟಕ್ಕೆ
ಕಂಪೆನಿಯ ಮೊಹರು ಒತ್ತಿದರು, ನೇರಳೆ ಶಾಯಿ.

ಮೊನ್ನೆ ಸ್ಟ್ಯಾಂಡಿನಲ್ಲಿ ಸಿಕ್ಕಿದ.
ಬೆನ್ನ ಹಿಂದೆ ಹಳದಿ ಬಸ್ಸು, ತಂಪಾಗಿ ಖಾಲಿ.
‘ಅಕ್ಕಾ, ನಿಮ್ಮವರಿಗೆ ಬೈಕಂಪಾಡಿಯ ಸೈರನ್ನು
ಯಾರು ಹೇಳಿದ್ದು?’

‘ಹಳೇ ಪೇಪರು’ ಅಂದೆ.

‘ಅದು ಉಂಟಾ ಇನ್ನೂ? ಕಡ್ಲೆಯವನಿಗೆ
ತೂಕಕ್ಕೆ ಹಾಕಿದ್ದೀರಿ ಅಂತ ಎಣಿಸಿದ್ದೆ.
ಇಲ್ಲಿ ನಾನೂ ಹೇಳಿದೆ, ಕೇಳುವವರಿಲ್ಲ.
ಬರೆಯುವ ಅಂದರೆ,
ಟಿಕೇಟು ಮಿಷನ್ನಿಗೆ ಹಿಂಬದಿ ಇಲ್ಲ ಅಕ್ಕ.’

ನಕ್ಕ. ಕಿವಿಯ ಮೇಲೆ ಪೆನ್ಸಿಲು ಇತ್ತು.
‘ಕುಡ್ಲ, ಕುಡ್ಲ, ಕುಡ್ಲ’ ಕೂಗುತ್ತ ಹೋದ,
ಅವನದ್ದೇ ಅಕ್ಷರಗಳು
ನಾಲ್ಕು ನಿಮಿಷ ಹಿಂದೆ ಅಟ್ಟಿಸಿಕೊಂಡು ಬರುವ ದಾರಿಯಲ್ಲಿ.

ಮೇಲೆ ಬಂದು ಲೆಕ್ಕದ ಪುಸ್ತಕ ತೆರೆದೆ.
ಕ್ಲಾರಾ ಮೋಟಾರ್ಸಿನಲ್ಲಿ ಸಂಜೀವ ಸಪಳಿಗನ ಹೆಸರು
ಒಂದೇ ಒಂದು ಕಡೆ ಉಂಟು, ಕೆಂಪು ಶಾಯಿಯಲ್ಲಿ:
ಬರಬೇಕಾದ ಬಾಕಿ, ಹನ್ನೆರಡು ರೂಪಾಯಿ.