ಶುಕ್ರವಾರ ಹನ್ನೆರಡರೊಳಗೆ

ಒಂದು ಲಕ್ಷ ಹತ್ತು ಸಾವಿರಕ್ಕೆ ಮೇಲ್ಪಟ್ಟು,
ಫಲಕ ಹೇಳುವುದು ಅಷ್ಟೇ. ಎಷ್ಟು ಮೇಲೆ ಎಂದು
ಈ ಆರ್ಬ್ರೋತ್ ಊರಿನಲ್ಲಿ ಯಾರೂ ಬಾಯಿಬಿಡುವುದಿಲ್ಲ.
ಮುಚ್ಚಿದ ಲಕೋಟೆ, ಒಂದೇ ಸಲ, ಒಂದೇ ಅಂಕಿ.
ಬಂದರುಕಟ್ಟೆಯಲ್ಲಿ ಮೀನು ಕೊಂಡು ಬೆಳೆದವಳು ನಾನು,
ಎದುರಿನವನ ಹುಬ್ಬು ಕಾಣದೆ
ಬೆಲೆ ಹೇಳುವುದಾದರೂ ಹೇಗೆ?

ಮೈದುನ ಮುರ್ಡೊ ಬಂದಿದ್ದ, ಚಾವಣಿ ಕೆಲಸದವನು.
ಕಿಟಕಿಯ ಚೌಕಟ್ಟಿಗೆ ಸ್ಕ್ರೂಡ್ರೈವರು ಚುಚ್ಚಿದ:
ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.
ಏನೂ ಅನ್ನಲಿಲ್ಲ. ಸಿಗರೇಟು ಪ್ಯಾಕಿನ ಬೆನ್ನ ಮೇಲೆ ಬರೆದ:
ಸ್ಲೇಟು ಹದಿನೆಂಟು ಸಾವಿರ,
ವೈರಿಂಗು ಆರು,
ಹಿಂಗೋಡೆಯ ತೇವ, ಅಲ್ಲೊಂದು ಪ್ರಶ್ನೆಚಿಹ್ನೆ,
ಅದರ ಪಕ್ಕ ಇನ್ನೊಂದು.
"ಎರಡನೆಯದು ಯಾಕೆ?" ಅಂದೆ.
"ಮೊದಲನೆಯದು ಗೋಡೆಗೆ. ಇದು ನಿಮಗೆ."

ಅವತ್ತಿನಿಂದ ಊಟದ ಮೇಜಿನ ಮೇಲೆ ಬರೀ ಲೆಕ್ಕ.
ಲೋರ್ನ್ ಕಳೆಯುವವನು, ನಾನು ಕೂಡುವವಳು,
ಹದಿನಾರು ವರ್ಷದಿಂದ ಸಂಸಾರ ತೂಗಿದ್ದೇ ಹೀಗೆ.
ಸ್ಲೇಟು ಕಳೆ, ತೇವ ಕಳೆ, ಅಂದ,
ಕಣ್ಣಿಗೆ ಬೀಳದ್ದಕ್ಕೆ ಹತ್ತು ಸಾವಿರ ಕಳೆ,
ತೊಂಬತ್ತರ ಮೇಲೆ ಒಂದು ಪೆನ್ನಿಯೂ ದಂಡ.
ಹೊಗೆಮನೆಗೆ ನಡೆದೇ ಹೋಗಬಹುದು, ಅಂದೆ,
ಬಸ್ಸಿನ ದುಡ್ಡು ಹಾಕು. ಹಿತ್ತಲಿಗೆ ಸಂಜೆಯವರೆಗೂ ಬಿಸಿಲು, ಹಾಕು.
ಮೆಟ್ಟಿಲ ಕೆಳಗೆ ನಿಮ್ಮಮ್ಮನ ಹೊಲಿಗೆಯಂತ್ರ
ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ, ಅದಕ್ಕೆಷ್ಟು?
"ಸೊನ್ನೆ," ಅಂದ ಲೋರ್ನ್.
ತಟ್ಟೆ ತೊಳೆದಿಟ್ಟು ಬಂದು,
"ಐನೂರು."

ಎರಡನೆಯ ಸಲ ಒಬ್ಬಳೇ ಹೋದೆ.
ಕಡಲಿನಿಂದೆದ್ದ ಮಂಜು ಬೀದಿಯ ತುದಿಯನ್ನು ತಿಂದು ಮುಗಿಸಿತ್ತು.
ಏಜೆಂಟ್ ಹುಡುಗ ಹೊರಗೆ ಫೋನಿನಲ್ಲಿ ಯಾರನ್ನೋ ರಮಿಸುತ್ತಿದ್ದ.
ಸುಮ್ಮನೆ ಕಪಾಟು ತೆಗೆದೆ. ಬಾಗಿಲ ಒಳಮೈ ತುಂಬ
ಪೆನ್ಸಿಲಿನ ಲೆಕ್ಕ. ಮಿಸೆಸ್ ಸ್ವಾಂಕಿ
ಕೆಳಗಿನಿಂದ ಮೇಲಕ್ಕೆ ಬರೆದಿದ್ದಾಳೆ,
ಬಗ್ಗಲಾಗದ ಕಾಲ ಬರುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ.
ಮಂಡಿಯೂರಿ ಓದಿದೆ, ಎಲ್ಲಕ್ಕಿಂತ ಕೆಳಗೆ:
ಅಡುಗೆಮನೆ ಬಣ್ಣ, ಏಳು ಪೌಂಡು ಹತ್ತು ಶಿಲಿಂಗು, ೧೯೬೩.
ನಲ್ಲಿ. ಬಾಯ್ಲರು. ಮತ್ತೆ ಬಾಯ್ಲರು,
ಮುಂದೊಂದು ಬೈಗುಳ ಬರೆದು ಉಜ್ಜಿದ ಗುರುತು.
ಮೇಲೇರಿದ ಹಾಗೆ ಅಕ್ಷರ ದಪ್ಪ, ಸಾಲು ಸೊಟ್ಟ,
ನನ್ನ ಕಣ್ಣಿನ ಮಟ್ಟಕ್ಕೆ ಕೊನೆಯದು:
ಚಾವಣಿ, ಬರುವ ವರ್ಷ.
ಮುಂದೆ ದುಡ್ಡಿನ ಜಾಗ ಖಾಲಿ.

ಮನೆ ತಿಂದದ್ದನ್ನೆಲ್ಲ ಮನಸ್ಸಿನಲ್ಲೇ ಕೂಡಿದೆ.
ಲೋರ್ನ್‌ಗೆ ಹೇಳಿದರೆ ಅವನ ಪಕ್ಷಕ್ಕೇ ಸಾಕ್ಷಿ.
ಹೇಳಲಿಲ್ಲ.

ಗುರುವಾರ ರಾತ್ರಿ. ಚಹಾ ಆರಿತ್ತು.
ತೊಂಬತ್ತು ನೂರಾಗಿ, ನೂರು ನೂರಾ ಎಂಟಾಗಿ,
ಮುರ್ಡೊ ಕೂಲಿ ಬಿಟ್ಟರೆ, ನಾವೇ ಸುಣ್ಣ ಹೊಡೆದರೆ,
ಕಾರು ಇನ್ನೆರಡು ವರ್ಷ ಉಸಿರು ಹಿಡಿದರೆ,
ಅಂತೂ ಇಂತೂ ನೂರಾ ಹದಿನಾಲ್ಕಕ್ಕೆ ನಿಂತಿತು.
ದುಂಡು ಅಂಕಿ ಎಲ್ಲರೂ ಬರೆಯುತ್ತಾರೆ,
ಒಂದು ಬಾಲ ಇರಲಿ, ಅಂದಿದ್ದಳು ವಕೀಲೆ.
"ಏಳು," ಅಂದೆ, ಯಾಕೆಂದು ಹೇಳದೆ.
ಒಂದು ಲಕ್ಷ ಹದಿನಾಲ್ಕು ಸಾವಿರದ ಏಳು.
ಲೋರ್ನ್ ಬರೆದ. ಪೆನ್ನು ಎತ್ತಲಿಲ್ಲ.
"ಹತ್ತು ಶಿಲಿಂಗು ಬಿಟ್ಟೆಯಲ್ಲ," ಅಂದ.

ಇವತ್ತು ಹೊಗೆಮನೆಯಲ್ಲಿ
ಹ್ಯಾಡಕ್ ಮೀನುಗಳನ್ನು ಬಾಲಕ್ಕೆ ಬಾಲ ಕಟ್ಟಿ
ಜೋಡಿಜೋಡಿಯಾಗಿ ಕೋಲಿಗೆ ಏರಿಸುತ್ತಿದ್ದೇನೆ.
ಹನ್ನೆರಡು ಹೊಡೆದು ಹತ್ತು ನಿಮಿಷ.
ಏಪ್ರನ್ನಿನ ಜೇಬಿನಲ್ಲಿ ಫೋನು ನಡುಗುತ್ತಿದೆ.
ಕೈಯೆಲ್ಲ ಉಪ್ಪುನೀರು.
ಈ ಜೋಡಿ ಕಟ್ಟಿ ಮುಗಿಯಲಿ, ತಾಳು.