ಕುಲಾವಿ

ಫಾರಮ್ಮಿನಲ್ಲಿ ವಾಹನದ ಬಗೆ ಎಂಬಲ್ಲಿ
ಕಾರು, ಲಾರಿ, ಟ್ರ್ಯಾಕ್ಟರು, ಇತರೆ.
ಇತರೆಗೆ ಗುರುತು ಹಾಕಿ ಪಕ್ಕದಲ್ಲಿ ಬರೆದೆ:
ವಿಮಾನ. ಆಮೇಲೆ, ಸುಳ್ಳಾಗಬಾರದೆಂದು,
ಆಗಲಿರುವ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸು, ಮೂರನೇ ಅಡ್ಡರಸ್ತೆ,
ಲಾರಿ ಪಾಟಾ ಬಡಿಯುವವನ ಬೆನ್ನಿಗೆ ಬೆನ್ನು ಕೊಟ್ಟ ಶೆಡ್ಡು.
ಮೂವತ್ತು ವರ್ಷ ಬಸ್ಸುಗಳಿಗೆ ಮೈ ಕಟ್ಟಿದ
ದಾದಾಪೀರ್ ಸಾಹೇಬರು ಈಗ ಪೆಟ್ಟಿಗೆಯಲ್ಲಿ ಬಂದ
ತಗಡು, ತಂತಿ, ಹದಿಮೂರು ಸಾವಿರ ರಿವೆಟ್ಟುಗಳಿಂದ
ಎರಡು ಸೀಟಿನದೊಂದನ್ನು ಕಟ್ಟುತ್ತಿದ್ದಾರೆ.
ಬಲರೆಕ್ಕೆ ಹಳೇ ಬಸ್ಸಿನ ಸೀಟುಗಳ ಮೇಲೆ ಮಲಗಿತ್ತು,
ಎಡರೆಕ್ಕೆ ಇನ್ನೂ ನಕ್ಷೆಯಲ್ಲಿ.
ಬಾಲ ಗೋಡೆಗೊರಗಿ, ಹಳೇ ಸೀರೆ ಹೊದ್ದು.
ಎಂಜಿನ್ನಿಗೆ ದುಡ್ಡು ಜಮೆಯಾಗಿರಲಿಲ್ಲ.

"ಕೂಸು ಹುಟ್ಟೋ ಮುಂಚೆ ಕುಲಾವಿ" ಅಂದಿದ್ದರು ನಮ್ಮ ಮ್ಯಾನೇಜರು,
ಫೈಲು ನನ್ನ ಕಡೆ ತಳ್ಳಿ.
ಅದನ್ನೇ ಸಾಹೇಬರಿಗೆ ಹೇಳಿದೆ. ನಕ್ಕರು.
"ಕೂಸಿನ ಮಾತು ಈಗ ಬೇಡ ಬಿಡಿ ಮೇಡಂ,
ಕುಲಾವಿಗೆ ಬೆಂಕಿ ಬಿದ್ರೆ ಏನು, ಅದನ್ನ ಬರಕೊಳ್ಳಿ."

ಬರೆದುಕೊಂಡೆ. ಬೆಂಕಿ: ಉಂಟು.
ಪಕ್ಕದವನ ಗ್ಯಾಸ್ ಸಿಲಿಂಡರು ಸಿಡಿದರೆ: ಉಂಟು.
ಕಳವು: ಬೀಗ ಒಡೆದ ಗುರುತಿದ್ದರೆ.
ಇಲಿ: ಇಲ್ಲ. ಗೆದ್ದಲು: ಇಲ್ಲ.
ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಊರಿನ ಗಾಳಿಯೇ
ಬೋಲ್ಟಿಗೆ ಹಿಡಿಸುವ ತುಕ್ಕು: ಅದಂತೂ ಇಲ್ಲವೇ ಇಲ್ಲ.
ನೆಲ ಬಿಟ್ಟರೆ: ಆ ಕ್ಷಣಕ್ಕೆ ಈ ಕಾಗದ ರದ್ದು.
"ಅಂದ್ರೆ ನಿಮ್ಮ ಲೆಕ್ಕದಲ್ಲಿ
ಹಾರೋದೇ ದೊಡ್ಡ ಅಪಘಾತ" ಎಂದರು.
ಷರತ್ತು ಮತ್ತೆ ಓದಿದೆ.
ಹೌದು, ಹೆಚ್ಚುಕಮ್ಮಿ ಹಾಗೇ ಇತ್ತು.

ಮೌಲ್ಯಕ್ಕೆ ಬಂದಾಗ ತೊಡಕು.
ಬಿಲ್ಲಿದ್ದದ್ದಕ್ಕೆಲ್ಲ ಬೆಲೆಯಿತ್ತು,
ಕಸ್ಟಮ್ಸ್ ಚೀಟಿ, ಮಂಗಳೂರಿನಿಂದ ಲಾರಿ ಬಾಡಿಗೆ ಸಹಿತ.
ಬಿಲ್ಲಿಲ್ಲದ್ದು ಒಂದು ನೋಟುಪುಸ್ತಕ:
ತಾರೀಖು, ಗಂಟೆ, ಮಾಡಿದ ಕೆಲಸ, ಹಿಡಿದವರು ಯಾರು.
ಒಟ್ಟು ಸಾವಿರದ ನೂರ ನಲವತ್ತು ಗಂಟೆ.
"ಇದಕ್ಕೆ?"
ಇದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಎಂದೆ.
ಪುಟ ತಿರುವಿದರು. ಎಲ್ಲ ಪುಟದಲ್ಲೂ ಹಿಡಿದವರು ಖುರ್ಷಿದಾ.
ಖುರ್ಷಿದಾ. ಖುರ್ಷಿದಾ.
ಒಂದು ಕಡೆ ಮಾತ್ರ: ಖುರ್ಷಿದಾ, ಜ್ವರದಲ್ಲಿ.

ಮರುವರ್ಷ ನವೀಕರಣಕ್ಕೆ ಹೋದರೆ
ಮುಚ್ಚಿದ್ದ ರೆಕ್ಕೆ ಬಾಯಿ ಬಿಟ್ಟುಕೊಂಡಿದೆ.
ಒಂದು ಸಾಲು ಕೂದಲೆಳೆಯಷ್ಟು ವಾರೆ ಬಂತೆಂದು
ಮೂವತ್ತೆಂಟು ರಿವೆಟ್ಟು ಕೊರೆದು ತೆಗೆದಿದ್ದಾರೆ.
"ಬಸ್ಸಾಗಿದ್ರೆ ಬಿಡ್ತಿದ್ದೆ.
ಬಸ್ಸು ಕೆಟ್ರೆ ರಸ್ತೆ ಪಕ್ಕ ನಿಲ್ಲುತ್ತೆ."
ವರದಿಯಲ್ಲಿ ಬರೆದೆ: ಪ್ರಗತಿ ಇದೆ, ಹಿಂದಕ್ಕೆ.
ಮ್ಯಾನೇಜರು ಎರಡು ಸಲ ಓದಿದರು.

ಮೂರನೇ ವರ್ಷ ಖುರ್ಷಿದಾ ಅವರ ಮಣಿಕಟ್ಟಿಗೆ ಪಟ್ಟಿ.
ರೆಕ್ಕೆಯೊಳಗೆ ಕೈಹಾಕಿ ಉಕ್ಕಿನ ಗಟ್ಟಿ ಒತ್ತಿ ಹಿಡಿಯಲು
ಸಣ್ಣ ಕೈಯೇ ಆಗಬೇಕು, ಸಾಹೇಬರದು ಹೋಗದು.
ಇಬ್ಬರೂ ನನ್ನ ಕೈ ನೋಡಿದರು.
ಟೇಪು, ಕ್ಯಾಮರಾ ಕೆಳಗಿಟ್ಟೆ. ಬಳೆ ತೆಗೆದೆ.
ಕತ್ತಲಲ್ಲಿ ತಣ್ಣನೆ ಪಕ್ಕೆಲುಬು ದಾಟಿ, ಮೊಣಕೈವರೆಗೆ.
"ಒತ್ತಿ." ಡರ್ರ್. "ಒತ್ತಿ." ಡರ್ರ್.
ಒಂದೊಂದು ಏಟೂ ಹಲ್ಲಿನ ತನಕ ಬಂತು.
ಸೋಗಾನೆಗಿಳಿಯುವ ವಿಮಾನ ಶೀಟು ನಡುಗಿಸಿ ಹೋಯಿತು,
ಯಾರೂ ಕತ್ತೆತ್ತಲಿಲ್ಲ.
ಇಪ್ಪತ್ತೆರಡಾದವು. ಒಂದು ವಾರೆ, ನನ್ನ ಕೈ ಜಾರಿದ್ದು.
ಏನೂ ಹೇಳದೆ ಕೊರೆದು ತೆಗೆದು ಮತ್ತೆ ಹೊಡೆದರು.

ಹೊರಡುವಾಗ ನೋಟುಪುಸ್ತಕ ತೆರೆದೇ ಇತ್ತು:
ಅಕ್ಟೋಬರ್ ಹದಿನಾಲ್ಕು. ಎರಡು ಗಂಟೆ.
ಹಿಡಿದವರು, ವಿಮೆ ಮೇಡಂ.

ಮಾರನೇ ದಿನ ಅರ್ಜಿ ಕೊಟ್ಟೆ:
ಸದರಿ ಕಡತವನ್ನು ದಾವಣಗೆರೆ ಶಾಖೆಗೆ ವರ್ಗಾಯಿಸಬೇಕು,
ಸದರಿ ಸ್ವತ್ತಿನಲ್ಲಿ ನನಗೆ ಹಿತಾಸಕ್ತಿ ಉಂಟಾಗಿರುತ್ತದೆ.
ಎಷ್ಟಮ್ಮ, ಎಂದರು ಮ್ಯಾನೇಜರು, ಕನ್ನಡಕ ತೆಗೆದು.
ಇಪ್ಪತ್ತೆರಡು ರಿವೆಟ್ಟು ಸಾರ್,
ಬಿಲ್ಲಿಲ್ಲ.